ಮುಚ್ಚಳದ ಒಳಗಿನ ಅಂಕಿ

ನಮ್ಮ ಭಾವನಿಗೆ ತಿರುವು ಕಂಡರೆ ಆಗುವುದಿಲ್ಲ. ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟೇ ಬೇಕು, ಮೂಸಿ ನೋಡಲು ಕೈಯಲ್ಲೊಂದು ನಿಂಬೆಹಣ್ಣು ಬೇಕು. ಅಷ್ಟಾದರೂ ರಸ್ತೆ ಮೂರು ಸಲ ತಿರುಗಿತೋ ಇಲ್ಲವೋ ಅವರ ಮುಖ ಸುಣ್ಣ ಬಳಿದ ಗೋಡೆಯ ಬಣ್ಣಕ್ಕೆ ಬಂದಿರುತ್ತದೆ. ಸ್ವಂತ ಕಾರು ಓಡಿಸುವಾಗಲಂತೂ ಕೇಳುವುದೇ ಬೇಡ, ಹಿಂದೆ ಬರುವ ಸೈಕಲ್ಲಿನವರು ಗಂಟೆ ಬಾರಿಸುತ್ತಾರೆ. ಇಂಥ ಮನುಷ್ಯ ಮೂವತ್ತೊಂದು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಏನೆಂದರೆ, ಬೇರೆಯವರ ಕಾರುಗಳು ವೇಗ ಕಳೆದುಕೊಳ್ಳದೆ ತಿರುವು ದಾಟುವಂತೆ ಮಾಡುವುದು. ನಾನು ಅವರ ನಾದಿನಿ, ಶಾಲೆಯಲ್ಲಿ ಗಣಿತ ಕಲಿಸುವವಳು. ಈ ಲೆಕ್ಕ ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ.

ಅವರ ವರ್ಕ್‌ಶಾಪು ಮನೆಯ ಕೆಳಗೇ ಇದೆ. ಕಬ್ಬಿಣದ ಷಟರ್ ಎತ್ತಿದರೆ ಉದ್ದನೆಯ ಒಂದೇ ಕೋಣೆ, ನಡುವೆ ಇಳಿದು ಕೆಲಸ ಮಾಡುವ ಗುಂಡಿ, ಬಲಗಡೆ ಗೋಡೆಗೆ ಒತ್ತಿಕೊಂಡ ಮರದ ಬೆಂಚು, ಬೆಂಚಿಗೆ ಬಿಗಿದ ಕಬ್ಬಿಣದ ಇಕ್ಕಳ. ಮೇಲಿನ ಅಡುಗೆಮನೆಯ ಒಗ್ಗರಣೆಯ ಘಾಟೂ ಕೆಳಗಿನ ಗೇರ್ ಎಣ್ಣೆಯ ವಾಸನೆಯೂ ಮೆಟ್ಟಿಲ ಮೇಲೆ ಭೇಟಿಯಾಗುತ್ತವೆ. ಭಾವ ಎತ್ತರದವರಲ್ಲ, ಆದರೆ ಮುಂಗೈಗಳು ಬೇರೆ ಯಾರದೋ ಎತ್ತರದವರದ್ದು. ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ಅಳತೆಯ ಕ್ಯಾಲಿಪರ್. ಒಮ್ಮೆ ತಿಂಡಿಗೆ ಕೂತಾಗ ಅಕ್ಕ ಕತ್ತರಿಸಿದ ಬ್ರೆಡ್ಡನ್ನು ಅದರಲ್ಲಿ ಅಳೆದು, "ಈ ಕಡೆ ಒಂದೂವರೆ ಮಿಲಿಮೀಟರ್ ಜಾಸ್ತಿ ಇದೆ ಕಣೇ" ಅಂದಿದ್ದರು. ಆಮೇಲೆ ಒಂದು ವಾರ ಬ್ರೆಡ್ಡನ್ನು ಅವರೇ ಕತ್ತರಿಸಿಕೊಳ್ಳಬೇಕಾಯಿತು.

ಅವರ ಕೆಲಸವೆಲ್ಲ ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಕೂತಿರುವ, ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡಿನೊಳಗೆ. ಡಿಫರೆನ್ಷಿಯಲ್ ಎಂದು ಅದರ ಹೆಸರು. ನನಗೆ ಅದು ಏನೆಂದು ತಿಳಿಸಲು ಭಾವ ಒಂದು ಸಂಜೆ ನನ್ನನ್ನೂ ಅಕ್ಕನನ್ನೂ ಕೈ ಕೈ ಹಿಡಿಸಿ ಊಟದ ಮೇಜಿನ ಮೂಲೆ ಸುತ್ತಿಸಿದರು.

"ನೋಡು, ನೀನು ಹೊರಗಿನ ಚಕ್ರ. ನಿನ್ನ ಅಕ್ಕ ಒಳಗಿನ ಚಕ್ರ. ಮೂಲೆ ತಿರುಗೋವಾಗ ನೀನು ಜಾಸ್ತಿ ನಡೀಬೇಕು, ಅವಳು ಕಮ್ಮಿ. ಇಬ್ರೂ ಒಂದೇ ಲೆಕ್ಕದಲ್ಲಿ ಹೆಜ್ಜೆ ಹಾಕಿದ್ರೆ ತಿರುಗೋಕೇ ಆಗಲ್ಲ, ನೆಟ್ಟಗೆ ಗೋಡೆಗೆ ಹೋಗ್ತೀರಿ. ಅದಕ್ಕೆ ನಡುವೆ ಡಿಫರೆನ್ಷಿಯಲ್ ಇಟ್ಟು ಇಬ್ರನ್ನೂ ಬಿಡಿಸಿರ್ತಾರೆ."

"ಬಿಡಿಸಿದ್ರೆ ಆಯ್ತಲ್ಲ, ನಿಮಗೇನು ಕೆಲಸ?" ಅಂದೆ.

"ಪೂರ್ತಿ ಬಿಟ್ರೆ ಒಳಗಿನ ಚಕ್ರ ಹಗುರ ಆದ ತಕ್ಷಣ ನಿಂತಲ್ಲೇ ಗಿರಗಿರ ಸುತ್ತುತ್ತೆ. ಎಂಜಿನ್ ಶಕ್ತಿಯೆಲ್ಲ ಅಲ್ಲೇ ಪೋಲು. ಅದಕ್ಕೆ ಒಳಗೆ ಪ್ಲೇಟು ಜೋಡಿಸಿ ಇಬ್ರನ್ನೂ ಸ್ವಲ್ಪ ಕಟ್ಟಿಹಾಕ್ಬೇಕು. ಎಷ್ಟು ಸ್ವಲ್ಪ ಅನ್ನೋದೇ ನನ್ನ ಕೆಲಸ."

"ನಿಂತಲ್ಲೇ ಗಿರಗಿರ ಸುತ್ತೋಳು ನಾನಾ?" ಎಂದು ಅಕ್ಕ ಕೈ ಕೊಡವಿಕೊಂಡು ಒಳಗೆ ಹೋದಳು. ಪಾಠ ಅಲ್ಲಿಗೆ ಮುಗಿಯಿತು.

ಸಡಿಲವಾದರೆ ಕಾರು ತಿರುವಿನಿಂದ ಈಚೆ ಬರಲು ಒದ್ದಾಡುತ್ತದೆ, ಬಿಗಿಯಾದರೆ ತಿರುವಿನೊಳಕ್ಕೇ ಹೋಗಲು ಒಲ್ಲೆ ಎನ್ನುತ್ತದೆ. ಇವೆರಡರ ನಡುವೆ ಪ್ರತಿ ಚಾಲಕನಿಗೂ ಅವನದೇ ಆದ ಒಂದು ಅಂಕಿ ಇರುತ್ತದಂತೆ. ಒಂದು ಚಕ್ರವನ್ನು ನೆಲದ ಮೇಲೆ ಬಿಟ್ಟು ಇನ್ನೊಂದನ್ನು ಮೇಲೆತ್ತಿ, ಬಲ ಅಳೆಯುವ ಟಾರ್ಕ್ ರೆಂಚ್ ಹಾಕಿ ತಿರುಗಿಸಿದಾಗ ಎಷ್ಟು ಬಲಕ್ಕೆ ಅದು ಜಗ್ಗುತ್ತದೋ ಅದೇ ಆ ಅಂಕಿ, ಬಿಗಿ ಹೆಚ್ಚಿದಷ್ಟೂ ಅಂಕಿ ದೊಡ್ಡದು. ತಿರುವು ಆಗದ ಭಾವನಿಗೆ ಅದು ಸ್ವಂತ ಅನುಭವದಿಂದ ಗೊತ್ತಾಗುವಂತಿಲ್ಲ. ಹಾಗಾಗಿ ಅವರು ಚಾಲಕನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲಿ ಅಭಿನಯ ಮಾಡಿಸಿ, ಗಂಟೆಗಟ್ಟಲೆ ಕೇಳುತ್ತಿದ್ದರು. "ನಾನು ದರ್ಜಿ ಇದ್ದ ಹಾಗೆ. ಅಳತೆ ಅವರದು, ಹೊಲಿಗೆ ನನ್ನದು" ಎನ್ನುವುದು ಅವರ ಮಾತು.

ಅವರದೊಂದು ಪದ್ಧತಿ ಇದೆ. ಕೆಲಸ ಮುಗಿದು ಹಿಂದಿನ ಮುಚ್ಚಳ ಹಾಕುವ ಮೊದಲು, ಮುಚ್ಚಳದ ಒಳಮೈಗೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಆ ಅಂಕಿಯನ್ನು ಕೂರಿಸುತ್ತಾರೆ. ಕೆಳಗೆ ದಿನಾಂಕ. ಹೊರಗೆ ಹೆಸರಿಲ್ಲ, ಗುರುತಿಲ್ಲ. ಮುಚ್ಚಳ ಕೂತ ಮೇಲೆ ಅದನ್ನು ನೋಡುವುದು ಎಣ್ಣೆ ಮಾತ್ರ. ಯಾಕೆ ಹೀಗೆ ಅಂತ ಕೇಳಿದರೆ, "ಮುಂದೆ ಬಿಚ್ಚೋನಿಗೆ ನಿಜ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದರು. ಗಿರಾಕಿಗೆ ನಾಳೆ ಕೊಡುತ್ತೇನೆ ಎಂದು ಹೇಳಿ ನಾಲ್ಕು ದಿನ ಸತಾಯಿಸುವುದರಲ್ಲಿ ಅವರದು ಎತ್ತಿದ ಕೈ. ಆದರೆ ಕಬ್ಬಿಣದ ಮೇಲೆ ಅವರು ಸುಳ್ಳು ಬರೆದದ್ದಿಲ್ಲ.

ಬಾಯಲ್ಲಿ ಮಾತ್ರ ಒಮ್ಮೆ ಹೇಳಿದರು. ಅದೂ ಮಗಳಿಗೆ.

ಮಗಳನ್ನು ನಾವೆಲ್ಲ ಸಾಸಿವೆ ಎನ್ನುತ್ತೇವೆ. ಹುಟ್ಟಿದಾಗ ಅಷ್ಟೇ ಅಷ್ಟು ಇದ್ದಳು, ಮಾತು ಬಂದ ಮೇಲೆ ಸಿಡಿಯತೊಡಗಿದಳು, ಹೆಸರು ಗಟ್ಟಿಯಾಯಿತು. ಈಗ ಇಪ್ಪತ್ತಾರು. ವಾರವೆಲ್ಲ ಪ್ರಯೋಗಾಲಯದಲ್ಲಿ ಜನರ ರಕ್ತ ತೆಗೆಯುತ್ತಾಳೆ. ಸೂಜಿ ಹೋದದ್ದೇ ಗೊತ್ತಾಗಲಿಲ್ಲ ಎಂದು ಮುದುಕರು ಹೊಗಳುವಂಥ ಕೈ ಅವಳದು. ರಜೆಯ ದಿನ ಆ ಕೈಗೆ ಸ್ಟಿಯರಿಂಗ್ ಬೇಕು. ಅಪ್ಪನೂ ಮಗಳೂ ಸೇರಿ ಒಂದು ಹಳೇ ಹಸಿರು ಕಾರನ್ನು ಎರಡು ವರ್ಷ ಕೂತು ರಿಪೇರಿ ಮಾಡಿ, ವರ್ಷಕ್ಕೊಮ್ಮೆ ನಡೆಯುವ ಬೆಟ್ಟ ಹತ್ತುವ ಪಂದ್ಯಕ್ಕೆ ಅಣಿ ಮಾಡಿದ್ದರು. ಹನ್ನೆರಡು ತಿರುವಿನ ರಸ್ತೆ, ಒಬ್ಬೊಬ್ಬರಾಗಿ ಹತ್ತಬೇಕು, ಬೇಗ ಮುಟ್ಟಿದವರು ಗೆದ್ದರು.

ಮೂರು ವರ್ಷದ ಹಿಂದೆ ಅವಳು ಸ್ಟೂಲಿನ ಮೇಲೆ ಕೂತು ಅಪ್ಪನಿಗೆ ಹೇಳಿದ ಅಂಕಿ ಏಳು. ಭಾವ ಏಳಕ್ಕೇ ಜೋಡಿಸಿದರು. ಆಮೇಲೆ ಪಂದ್ಯಕ್ಕೆ ಒಂದು ವಾರ ಇರುವಾಗ, ನಿಂಬೆಹಣ್ಣು ಮೂಸುತ್ತ, ಮೊದಲನೇ ಸಲ ಅಭ್ಯಾಸ ನೋಡಲು ಬೆಟ್ಟಕ್ಕೆ ಹೋದರು. ಐದನೇ ತಿರುವಿನಲ್ಲಿ, ಕಣಿವೆಯ ಆಳ ಇರುವ ಕಡೆಗೆ, ಹಸಿರು ಕಾರಿನ ಹಿಂಭಾಗ ಬಾಲ ಬೀಸಿದ ಹಾಗೆ ಬೀಸಿತು. ಅವಳು ಬೇಕೆಂದೇ ಬೀಸಿದ್ದು. ಬೀಸಿ, ಹಿಡಿದು, ನಗುತ್ತ ಮೇಲೆ ಹೋದಳು. ಭಾವ ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಡಿಫರೆನ್ಷಿಯಲ್ ಬಿಚ್ಚಿ, ಒಂದು ದಪ್ಪ ಪ್ಲೇಟು ಸೇರಿಸಿ ಬಿಗಿ ಮಾಡಿದರು. ಹಿಂಭಾಗ ಬೀಸಬಾರದು, ಅಷ್ಟೇ ಅವರಿಗೆ ಬೇಕಾದದ್ದು.

ಅವಳಿಗೆ ಗೊತ್ತಾಗದೆ ಇರಲಿಲ್ಲ. "ಅಪ್ಪ, ಮೂತಿನೇ ತಿರುಗ್ತಿಲ್ಲ. ಹಿಂದೆ ಕಟಕಟ ಅಂತಿದೆ. ಎಷ್ಟಿದೆ ಈಗ?" ಎಂದು ಕೇಳಿದಳು.

"ಏಳೇ ಇದೆ. ಎಣ್ಣೆ ಬದಲಾಯಿಸಿದೀನಿ, ಪ್ಲೇಟು ಪಳಗ್ಬೇಕು, ಅಷ್ಟೆ" ಎಂದರು ಭಾವ.

ಅಪ್ಪ ಹೇಳಿದ ಮೇಲೆ ಅವಳು ನಂಬಿದಳು. ಪಂದ್ಯದ ದಿನ ಐದನೇ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ, ಆಳದ ಅಂಚಿಗೆ ತಡೆಯೆಂದು ಒಟ್ಟಿದ್ದ ಹುಲ್ಲಿನ ಪಿಂಡಿಗಳಿಗೆ, ಅದರ ಹಿಂದಿನ ಮಣ್ಣಿನ ದಿಬ್ಬಕ್ಕೆ ಗುದ್ದಿತು. ಅವಳ ಎಡಭುಜದ ಕೊರಳೆಲುಬು ಮುರಿಯಿತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು, ಹುಡುಗಿ ತಡವಾಗಿ ತಿರುಗಿಸಿದಳು ಎಂದು. ಮಲಗಿದ್ದಲ್ಲಿಗೆ ಬಂದು ಸಮಾಧಾನ ಮಾಡಿದವರೂ ಅದನ್ನೇ ಹೇಳಿದರು. ಕೊನೆಗೆ ಅವಳೂ ಅದನ್ನೇ ಹೇಳತೊಡಗಿದಳು.

ಎಲುಬು ಎರಡು ತಿಂಗಳಲ್ಲಿ ಕೂಡಿತು. ಆದರೆ ನಮ್ಮ ಸಾಸಿವೆ ಸಿಡಿಯುವುದು ನಿಂತುಹೋಯಿತು. ಅಮ್ಮನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುವಾಗಲೂ ಬೀದಿಯ ಮೂಲೆ ಬಂದರೆ ಬ್ರೇಕು ಒತ್ತಿ, ಎಲ್ಲರಿಗೂ ದಾರಿ ಬಿಟ್ಟು, ಆಮೇಲೆ ತಿರುಗಿಸುತ್ತಿದ್ದಳು. "ನನ್ನ ಕಣ್ಣಿನ ಅಂದಾಜು ಹೋಯ್ತು ಚಿಕ್ಕಮ್ಮ" ಎಂದು ನನ್ನ ಹತ್ತಿರ ಹೇಳಿದಳು. ಒಂದು ದಿನ ಪ್ರಯೋಗಾಲಯದಲ್ಲಿ ಸೂಜಿ ಹಿಡಿದಾಗಲೂ ಆ ಅನುಮಾನ ಬಂತಂತೆ. ಹಸಿರು ಕಾರಿನ ಮೂತಿಯನ್ನು ಭಾವ ತಟ್ಟಿ ಬಣ್ಣ ಹಚ್ಚಿ ಸರಿಮಾಡಿ ಹೊದಿಕೆ ಹೊದಿಸಿಟ್ಟಿದ್ದರು. ಎಂಟು ತಿಂಗಳು ಅದು ಹಾಗೇ ಇತ್ತು. ಎಂಟನೇ ತಿಂಗಳಲ್ಲಿ ಸಾಸಿವೆ ಅದನ್ನು ಮಾರುತ್ತೇನೆ ಎಂದಳು. ಕೊಳ್ಳುವವನೂ ಸಿಕ್ಕ. ಭಾನುವಾರ ಸಂಜೆ ಬಂದು ಒಯ್ಯುತ್ತಾನೆಂದು ಮಾತಾಯಿತು.

ಗುರುವಾರ ಮಧ್ಯಾಹ್ನ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಭಾವ ಎಣ್ಣೆ ಬಟ್ಟೆಯಲ್ಲೇ ಶಾಲೆಗೆ ಬಂದರು. ನಮ್ಮ ವಿಜ್ಞಾನದ ಮೇಷ್ಟ್ರು ಇವರನ್ನು ನಲ್ಲಿ ರಿಪೇರಿಗೆ ಬಂದವರೆಂದು ತಿಳಿದು ಮೂಲೆಯ ಸಿಂಕು ತೋರಿಸಿದರು. ಭಾವ ಹೋಗಿ ನಲ್ಲಿಯನ್ನು ಸರಿಮಾಡಿ ಬಂದೇ ನನ್ನೆದುರು ಕೂತರು. ಮೇಲೆ ಬರೆದದ್ದನ್ನೆಲ್ಲ, ದಪ್ಪ ಪ್ಲೇಟಿನ ವಿಷಯವನ್ನು, ಅವತ್ತು ಹೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಎಂಟು ತಿಂಗಳು ಭಾವ! ಆ ಹುಡುಗಿ ತನ್ನ ಕೈಯನ್ನೇ ನಂಬದ ಹಾಗಾಗಿದ್ದಾಳೆ. ನೀವು ತುಟಿ ಹೊಲ್ಕೊಂಡು ಕೂತಿದ್ದೀರಲ್ಲ?"

"ದಿನಾ ಹೇಳೋಣ ಅಂತ ಹೋಗ್ತೀನಿ. ಬಾಯಿ ಬರಲ್ಲ. ಇನ್ನು ಮೇಲೆ ನನ್ನ ಹತ್ತಿರ ಅಂಕಿ ಹೇಳ್ತಾಳಾ ಅವಳು?"

"ಹೇಳ್ತಾಳೋ ಬಿಡ್ತಾಳೋ, ಕಾರು ಹೋಗೋದ್ರೊಳಗೆ ನೀವು ಹೇಳ್ಬೇಕು. ಇಲ್ಲಾಂದ್ರೆ ನಾನೇ ಹೇಳ್ತೀನಿ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಅವರ ಬೆನ್ನು ನೋಡಿ ಅಯ್ಯೋ ಅನ್ನಿಸಿತು, ಆದರೂ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ನಾನು ತಿಂಡಿಯ ಹೊತ್ತಿಗೇ ಹಾಜರಾದೆ. ಕಾವಲು ಕಾಯಲು ಹೋದದ್ದೆಂದರೂ ಸರಿ. ಭಾವ ಮೂರು ಸಲ ಗಂಟಲು ಸರಿಮಾಡಿಕೊಂಡರು. ಮೊದಲನೇ ಸಲ, ಈ ವರ್ಷ ಗೇರ್ ಎಣ್ಣೆ ತೆಳ್ಳಗೆ ಬರುತ್ತಿದೆ ಎಂದರು. ಎರಡನೇ ಸಲ ಮೊಟ್ಟೆಗೆ ಉಪ್ಪು ಸಾಲದು ಎಂದರು. ಅಕ್ಕ ಉಪ್ಪಿನ ಡಬ್ಬಿಯನ್ನು ಟಪ್ಪನೆ ಮುಂದಿಟ್ಟಳು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಮೂರನೇ ಸಲ ಅವರು ಎದ್ದುನಿಂತು, "ಸಾಸಿವೆ, ಕಾರು ಕೊಡೋ ಮುಂಚೆ ಡಿಫರೆನ್ಷಿಯಲ್ ಒಂದ್ಸಲ ಬಿಚ್ಚಿ ನೋಡ್ಬೇಕು. ಬಾ" ಎಂದರು.

"ನೀನು ನೋಡಪ್ಪ. ನಾನ್ಯಾಕೆ?"

"ನನ್ನ ಕೈ ನೋಯ್ತಿದೆ. ನೀನೇ ಬಿಚ್ಚು."

ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಅಷ್ಟು ವರ್ಷದಲ್ಲಿ ಭಾವ ಡಿಫರೆನ್ಷಿಯಲ್ಲಿಗೆ ಬೇರೆಯವರ ಕೈ ತಾಗಿಸಿದವರಲ್ಲ. ಸಾಸಿವೆಗೆ ಎಂಜಿನ್ ಬಿಚ್ಚಲು ಕಲಿಸಿದ್ದರು, ಬ್ರೇಕು ಕಲಿಸಿದ್ದರು, ಇದನ್ನು ಮಾತ್ರ ಬೆಂಚಿನ ಆಚೆಯಿಂದ ನೋಡಬೇಕಿತ್ತು.

ಅವಳು ಗುಂಡಿಗಿಳಿದಳು. ಭಾವ ಮೇಲೆ ನಿಂತು ಬೋಲ್ಟು ಬಿಚ್ಚುವ ಪಾನಾ ಕೊಟ್ಟರು. ಎಣ್ಣೆ ತಟ್ಟೆಗೆ ಸುರಿದು ಮುಗಿಯಿತು. ಹತ್ತು ಬೋಲ್ಟು ಒಂದೊಂದಾಗಿ ಬಿಚ್ಚಿ, ಮುಚ್ಚಳವನ್ನು ಬೆಳಕಿಗೆ ತಂದು, ಅವಳು ಒಳಮೈಯನ್ನು ಹೆಬ್ಬೆರಳಿನಿಂದ ಒರೆಸಿದಳು. ಮೊದಲು ಏಳು ಕಾಣಿಸಿತು. ಅದರ ಮೇಲೆ ಅಡ್ಡಗೆರೆ ಹೊಡೆದಿತ್ತು. ಕೆಳಗೆ ಒಂದರ ಪಕ್ಕ ಒಂದು, ಹನ್ನೊಂದು. ಅದರ ಕೆಳಗೆ ದಿನಾಂಕ.

ದಿನಾಂಕವನ್ನು ಅವಳು ಎರಡು ಸಲ ಓದಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಹನ್ನೊಂದಾ?"

"ಹೂಂ."

"ನಾನು ತಡವಾಗಿ ತಿರುಗಿಸಲಿಲ್ಲ."

"ಇಲ್ಲ ಮಗಳೇ. ನೀನು ಸರಿಯಾಗೇ ತಿರುಗಿಸಿದ್ದೆ. ಅದು ತಿರುಗೋ ಹಾಗೆ ನಾನು ಬಿಟ್ಟಿರಲಿಲ್ಲ."

ಅವಳು ಮುಚ್ಚಳವನ್ನು ಬೆಂಚಿನ ಮೇಲಿಟ್ಟು, ಒರೆಸುವ ಬಟ್ಟೆಯನ್ನು ನೆಲಕ್ಕೆ ಎಸೆದು, ಹಸಿರು ಕಾರಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡಳು. ಹಾಕಿಕೊಂಡ ರಭಸಕ್ಕೆ ಗೋಡೆಯ ಮೇಲಿನ ಪಾನಾಗಳು ಅಲುಗಾಡಿದವು. ಭಾವ ಹೋಗಿ ಕಾರಿನ ಕಿಟಕಿಯ ಹತ್ತಿರ ನಿಂತರು. ಗಾಜು ಏರಿಸಿತ್ತು. ಬಹಳ ಹೊತ್ತು ನಿಂತೇ ಇದ್ದರು. ಇಷ್ಟು ವರ್ಷದಲ್ಲಿ ಅವರು ಬೆಂಚಿಗೆ ಒರಗದೆ, ಕೈಗೆ ಏನನ್ನೂ ಹಿಡಿಯದೆ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಗಾಜು ಇಳಿಯಿತು. ಅವಳ ಕಣ್ಣು ಕೆಂಪಾಗಿತ್ತು.

"ಎಂಟು ತಿಂಗಳು ನನ್ನ ಕೈಗೆ ನಾನೇ ಬೈಕೊಂಡೆ ಅಪ್ಪ. ಎಲ್ಲರೂ ಹೇಳಿದ್ರು, ನೀನೂ ಸುಮ್ಮನಿದ್ದೆ. ನೀನು ಸುಮ್ಮನಿದ್ದಿದ್ದಕ್ಕೇ ಅದು ನಿಜ ಅಂದ್ಕೊಂಡೆ."

"ತಪ್ಪಾಯ್ತು. ಅವತ್ತು ಆ ತಿರುವಲ್ಲಿ ಕಾರು ಬೀಸಿದ್ದು ನೋಡಿ ನನಗೆ ಭಯ ಆಯ್ತು. ನೀನು ಆ ಕಡೆ ಹೋಗೇಬಿಟ್ಟೆ ಅನ್ನಿಸ್ತು."

"ನನಗೂ ಭಯ ಆಗುತ್ತೆ ಅಪ್ಪ. ಅದಕ್ಕೇ ಏಳು ಕೇಳಿದ್ದು."

ಭಾವ ಕಿಟಕಿಯ ಅಂಚಿಗೆ ಕೈಯಿಟ್ಟು ಅತ್ತುಬಿಟ್ಟರು. ಅಕ್ಕ ಮೆಟ್ಟಿಲಿಳಿದು ಬರುತ್ತಿದ್ದವಳು ಅರ್ಧಕ್ಕೇ ನಿಂತಳು. ಸಾಸಿವೆ ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಸಿಟ್ಟು ಅಲ್ಲಿಗೇ ಇಳಿಯಿತೆಂದು ತಿಳಿಯಬೇಡಿ. ಮಧ್ಯಾಹ್ನದವರೆಗೂ ಅಪ್ಪನ ಜೊತೆ ಪಾನಾ, ಬಟ್ಟೆ, ದೀಪ, ಈ ಮೂರು ಮಾತು ಬಿಟ್ಟು ಬೇರೆ ಆಡಲಿಲ್ಲ. ಆದರೆ ಕೊಳ್ಳುವವನಿಗೆ ಫೋನ್ ಮಾಡಿ ಕಾರು ಮಾರುವುದಿಲ್ಲ ಎಂದಳು. ಡಿಫರೆನ್ಷಿಯಲ್ಲನ್ನು ಕೆಳಗಿಳಿಸಿ ಬೆಂಚಿಗೇರಿಸಿ ಬಿಚ್ಚಿದಳು. ಹೊಸ ಪ್ಲೇಟುಗಳು ಒಂದು ದಿನ ಎಣ್ಣೆಯಲ್ಲಿ ನೆನೆಯಬೇಕು. ಅದಕ್ಕೆ ಅಕ್ಕನ ಅಡುಗೆಮನೆಯ ದೊಡ್ಡ ಪಾತ್ರೆಯೇ ಬೇಕು. ಪ್ರತಿ ಸಲ ಆ ಪಾತ್ರೆಗಾಗಿ ಮನೆಯಲ್ಲಿ ಜಗಳವಾಗುತ್ತದೆ. ಅವತ್ತು ಅಕ್ಕ ತಾನಾಗಿಯೇ ತಂದಿಟ್ಟಳು, "ಇದರಲ್ಲಿ ಇನ್ನು ಅಡುಗೆ ಮಾಡಿದ ಹಾಗೇ" ಎಂದು ಗೊಣಗುತ್ತ.

ಭಾನುವಾರ ಅವಳು ಜೋಡಿಸಿದಳು. ಭಾವ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಒಂದು ಒರಟು ಪ್ಲೇಟು, ಒಂದು ನುಣುಪು ಪ್ಲೇಟು, ಮತ್ತೆ ಒರಟು. ಎರಡು ಸಲ ಅವರ ಕೈ ತಾನಾಗಿಯೇ ಮುಂದೆ ಹೋಯಿತು, ಎರಡು ಸಲವೂ ಅವಳು ಅದನ್ನು ಮೊಣಕೈಯಿಂದ ತಳ್ಳಿದಳು. ಬಿಗಿ ಅಳೆಯುವ ಹೊತ್ತು ಬಂದಾಗ, "ಅಪ್ಪ, ನೀನು ಮೇಲೆ ಹೋಗಿ ಚಹಾ ಮಾಡ್ಕೊಂಡು ಬಾ" ಎಂದಳು. ಭಾವ ಹೋದರು. ಅವರು ಚಹಾ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲಿರಬೇಕು. ಅಕ್ಕ ಅಡುಗೆಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂದು ಹೇಳುವುದು ನಮಗೆ ಕೆಳಗೆ ಕೇಳುತ್ತಿತ್ತು. ಆಮೇಲೆ ಅವಳು ನನಗೂ ಕಾಣದ ಹಾಗೆ ಬೆನ್ನು ಮಾಡಿ ಸುತ್ತಿಗೆ ಹೊಡೆದಳು. ಅವರು ಲೋಟ ಹಿಡಿದು ಬರುವಷ್ಟರಲ್ಲಿ ಮುಚ್ಚಳ ಕೂತಿತ್ತು. ಹತ್ತು ಬೋಲ್ಟಿನಲ್ಲಿ ಕೊನೆಯದನ್ನು ಬಿಗಿಯಲು ಅವಳು ಪಾನಾವನ್ನು ಅಪ್ಪನ ಕೈಗೆ ಕೊಟ್ಟಳು.

"ಎಷ್ಟು ಅಂತ ಕೇಳಲ್ವಾ?" ಎಂದು ನಾನೇ ತಡೆಯಲಾರದೆ ಕೇಳಿದೆ.

"ಅಳತೆ ಅವಳದು" ಎಂದು ಭಾವ ಬೋಲ್ಟು ಬಿಗಿದರು.

ನಾಲ್ಕು ತಿಂಗಳಾದ ಮೇಲೆ ಪಂದ್ಯ. ಭಾವನೂ ನಾನೂ ಐದನೇ ತಿರುವಿನಲ್ಲೇ ಹೋಗಿ ನಿಂತೆವು. ಬರುವ ದಾರಿಯಲ್ಲಿ ಅವರು ಎರಡು ಸಲ ಬಸ್ಸು ನಿಲ್ಲಿಸಿದ್ದರು, ಮುಖದಲ್ಲಿ ರಕ್ತವಿರಲಿಲ್ಲ, ಅಂಗೈಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಕೆಳಗಿನಿಂದ ಎಂಜಿನ್ ಸದ್ದು ಏರುತ್ತ ಬಂತು. ಭಾವ ಕಣ್ಣು ಮುಚ್ಚಿಕೊಂಡರು. "ಹೇಳು, ಹೇಳು" ಎಂದು ನನ್ನ ತೋಳು ಹಿಡಿದರು. ಹಸಿರು ಕಾರು ತಿರುವಿಗೆ ಬಂತು. ಮೂತಿ ಒಳಕ್ಕೆ ಹೊಕ್ಕಿತು. ಹಿಂಭಾಗ ಆಳದ ಕಡೆಗೆ ಚೂರೇ ಚೂರು ಬೀಸಿತು, ಕೂತಿತು, ಎರಡೂ ಚಕ್ರ ನೆಲ ಕಚ್ಚಿ ಎಳೆದವು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಭಾವ, "ದಾಟಿದ್ಲು" ಎಂದರು. ಸದ್ದಿನಲ್ಲೇ ಅವರಿಗೆ ತಿಳಿದಿತ್ತು. ಅವಳಿಗೆ ನಾಲ್ಕನೇ ಸ್ಥಾನ ಬಂತು. ಮನೆಗೆ ಬಂದು ನಾಲ್ಕು ದಿನ ಬಾಯಿ ಮುಚ್ಚದೆ ಅದನ್ನೇ ಹೇಳಿದಳು. ನಮ್ಮ ಸಾಸಿವೆ ಮತ್ತೆ ಸಿಡಿಯುವುದನ್ನು ಕೇಳಿ ನನಗೆ ಹೊಟ್ಟೆ ತುಂಬಿದಂತಾಯಿತು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಚಕ್ರಕ್ಕೆ ಟಾರ್ಕ್ ರೆಂಚ್ ಹಾಕಿದರೆ ಎರಡು ನಿಮಿಷದಲ್ಲಿ ಭಾವನಿಗೆ ಆ ಅಂಕಿ ಗೊತ್ತಾಗುತ್ತದೆ. ಹಾಕಿಲ್ಲ. ಎಣ್ಣೆಯನ್ನು ಕೆಳಗಿನ ತೂತಿನಿಂದ ಬದಲಿಸುತ್ತಾರೆ, ಮುಚ್ಚಳ ಮುಟ್ಟುವುದಿಲ್ಲ. ಬ್ರೆಡ್ಡಿನ ದಪ್ಪ ತಿಳಿಯದೆ ತಿನ್ನದ ಮನುಷ್ಯ ಇದೊಂದನ್ನು ತಿಳಿಯದೆ ಹೇಗೆ ಇದ್ದಾರೆಂದು ನಾನು ಬೆರಗಾಗುತ್ತೇನೆ. ನನಗಾದರೋ ಅಷ್ಟು ತಾಳ್ಮೆ ಇಲ್ಲ. ಒಂದು ದಿನ ಸಾಸಿವೆಯನ್ನು ಒಂಟಿಯಾಗಿ ಹಿಡಿದು, "ಏಳೇ ತಾನೇ?" ಎಂದು ಕೇಳಿದೆ.

"ಎಂಟು" ಎಂದಳು.

"ನಿನಗೆ ಬೇಕಾದದ್ದು ಏಳಲ್ವಾ?"

"ನನಗೆ ಏಳು ಸಾಕು ಚಿಕ್ಕಮ್ಮ. ಇನ್ನೊಂದು ಅಪ್ಪನಿಗೆ."

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಬಾಯಲ್ಲಿ ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅದೂ ಧೈರ್ಯವಾಗಿಯೇ. ಭಾವ ಬಿಡಿಭಾಗಗಳ ಪಟ್ಟಿ ಬಿಟ್ಟು ಬೇರೇನನ್ನೂ ಓದುವುದಿಲ್ಲ.